ರೋಮನ್ನರ ಊರಿಗೆ ಲೋಕಲ್ ರೈಲು

ಶುಕ್ರವಾರ: ರೋಮ್, ನೀರಿನ ಕಮಾನು

ಇಟಲಿಗೆ ಹೋದರೆ ಕಾರು ಬಾಡಿಗೆಗೆ ತೊಗೊಳ್ಳಿ, ಮಕ್ಕಳಿದ್ದಾರಲ್ಲ ಎಂದು ಬೆಂಗಳೂರಿನಲ್ಲಿ ಹೇಳದವರಿಲ್ಲ. ನಾವು ತೊಗೊಳ್ಳಲಿಲ್ಲ. ರೋಮಿನ ಹಳೇ ಊರಿನ ಬಹುಭಾಗದೊಳಕ್ಕೆ ಹೊರಗಿನ ಕಾರು ನುಗ್ಗುವಂತಿಲ್ಲ, ನುಗ್ಗಿದರೆ ಕ್ಯಾಮರಾ ಹಿಡಿದು ದಂಡ ಹಾಕುತ್ತದೆ. ಅದು ಹೋಗಲಿ, ಎಂಟು ವರ್ಷದ ಚಿನ್ನಿ ಮತ್ತು ನಾಲ್ಕು ವರ್ಷದ ಪುಟ್ಟ ಒಂದೇ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಎರಡು ಗಂಟೆ ಕೂತರೆ ಏನಾಗುತ್ತದೆ ಎಂದು ಮೈಸೂರು ರಸ್ತೆಯಲ್ಲಿ ಕಂಡಾಗಿದೆ. ರೈಲಿನಲ್ಲಿ ಕಿಟಕಿಯಿದೆ, ಓಡಾಡಲು ಜಾಗವಿದೆ, ಮುಂದಿನ ಸ್ಟೇಷನ್ ಯಾವುದು ಅಂತ ಕೂಗುವ ಆಟವೂ ಇದೆ.

ವಿಮಾನ ನಿಲ್ದಾಣದಿಂದ ತೆರ್ಮಿನಿ ಸ್ಟೇಷನ್ನಿಗೆ ನೇರ ರೈಲು 32 ನಿಮಿಷ. ರೂಮು ಅದರ ಹಿಂದಿನ ಬೀದಿಯಲ್ಲೇ. ರೋಮಿನ ಮೆಟ್ರೋ, ಬಸ್ಸು, ಟ್ರಾಮಿನಲ್ಲಿ ದೊಡ್ಡವರ ಜೊತೆಗಿರುವ ಹತ್ತು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ. ದೊಡ್ಡವರು ಗೇಟಿನಲ್ಲಿ ಬ್ಯಾಂಕ್ ಕಾರ್ಡು ತಾಗಿಸಿದರೆ ಸಾಕು. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು.

ಬಂದ ದಿನವೇ ಕೊಲೊಸಿಯಂ ಕಡೆ ಹೋಗಬಾರದು ಎನ್ನುವುದು ನನ್ನ ಹಟ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ಮಕ್ಕಳಿಗೆ ಆವತ್ತು ಬೇಕಿರುವುದು ಓಡಲು ಬಯಲು. ಹಾಗಾಗಿ ಮೆಟ್ರೋ ಎ ಲೈನ್ ಹಿಡಿದು ಜೂಲಿಯೊ ಅಗ್ರಿಕೊಲಾ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದ ಮಾಮೂಲಿ ಅಪಾರ್ಟ್‌ಮೆಂಟುಗಳ ರಸ್ತೆ, ಔಷಧಿ ಅಂಗಡಿ, ಒಂದು ಚರ್ಚು. ಅದನ್ನು ದಾಟಿದ್ದೇ ತಡ, ಹುಲ್ಲುಗಾವಲಿನ ನಡುವೆ ಕಮಾನಿನ ಮೇಲೆ ಕಮಾನು. ಇದು ಆಕ್ವಾ ಕ್ಲಾಡಿಯಾ. ಚಕ್ರವರ್ತಿ ಕ್ಯಾಲಿಗುಲ ಕ್ರಿ.ಶ. 38ರಲ್ಲಿ ಶುರುಮಾಡಿಸಿದ್ದು, ಕ್ಲಾಡಿಯಸ್ 52ರಲ್ಲಿ ಮುಗಿಸಿದ್ದು. ಬೆಟ್ಟಗಳಿಂದ ಸುಮಾರು 69 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಬರುತ್ತಿದ್ದ ನೀರು ಹೆಚ್ಚಿನ ದೂರ ನೆಲದಡಿಯಲ್ಲೇ ಹರಿದು, ಊರು ಹತ್ತಿರವಾದಾಗ ಮಾತ್ರ ಹೀಗೆ ಮೇಲೇರಿ ನಡೆಯುತ್ತಿತ್ತು. ಪಂಪಿಲ್ಲ, ಮೋಟರಿಲ್ಲ, ಉದ್ದಕ್ಕೂ ಸಣ್ಣಗೆ ಇಳಿಜಾರು ಕೊಟ್ಟ ಕಾಲುವೆ ಅಷ್ಟೇ.

“ನೀರು ಎಲ್ಲಿ?” ಅಂದ ಪುಟ್ಟ. ತುದಿಯಲ್ಲಿ ಕಾಣುವ ಚೌಕದ ತೂತನ್ನು ತೋರಿಸಿದೆ. ನಂಬಲಿಲ್ಲ. ವಾಪಸ್ಸು ಬರುವಾಗ ಬೀದಿಬದಿಯ ಎರಕದ ಕೊಳಾಯಿ ಸಿಕ್ಕಿತು. ರೋಮಿನಲ್ಲಿ ಇಂಥವು ಎರಡು ಸಾವಿರಕ್ಕೂ ಹೆಚ್ಚಿವೆ, ಹಗಲೂ ರಾತ್ರಿ ತಣ್ಣನೆ ಕುಡಿಯುವ ನೀರು ಸುರಿಯುತ್ತದೆ. ಬಾಗಿದ ನಳದ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಅಷ್ಟು ತೋರಿಸಿದ ಮೇಲೆ ರೋಮನ್ನರ ಬಗ್ಗೆ ಅವನಿಗೆ ನಂಬಿಕೆ ಹುಟ್ಟಿತು. ಅಂಗಿ ಪೂರ್ತಿ ಒದ್ದೆ.

ದಾರಿಯಲ್ಲಿ ಸಾನ್ ಜೊವಾನ್ನಿಯಲ್ಲಿ ಇಳಿದು ಸಿ ಲೈನಿನ ಕಡೆ ಒಂದು ಸುತ್ತು ಹಾಕಿದೆವು. ಸ್ಟೇಷನ್ ಕಟ್ಟಲು ಅಗೆದಾಗ ಸಿಕ್ಕಿದ ಹಳೇ ಪೈಪು, ಮಡಕೆ, ಪೀಚ್ ಹಣ್ಣಿನ ಓಟೆಗಳನ್ನೆಲ್ಲ ಅಲ್ಲೇ ಗಾಜಿನೊಳಗೆ ಇಟ್ಟಿದ್ದಾರೆ. ಕೆಳಗೆ ಇಳಿದಂತೆ ಗೋಡೆಯ ಮೇಲೆ ಕಾಲವೂ ಹಿಂದೆ ಹಿಂದೆ ಹೋಗುತ್ತದೆ. ಈ ಊರಿನಲ್ಲಿ ಮೆಟ್ರೋ ಕೆಲಸ ಯಾಕೆ ತೆವಳುತ್ತದೆ ಎನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಶನಿವಾರ: ಕೊಲೊಸಿಯಂ

ಬಿ ಲೈನಿನ ಕೊಲೊಸೆಯೊ ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಇದೆ, ಹುಡುಕುವ ಮಾತೇ ಇಲ್ಲ. ಇಟಲಿಯ ಸರ್ಕಾರಿ ಸ್ಮಾರಕಗಳಿಗೆ 18ರೊಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಆದರೆ ಇಲ್ಲಿ ಸೊನ್ನೆ ದರದ ಟಿಕೆಟನ್ನಾದರೂ ಮಕ್ಕಳ ಹೆಸರಿನಲ್ಲಿ ಮೊದಲೇ ಕಾಯ್ದಿರಿಸಬೇಕು, ಪಾಸ್‌ಪೋರ್ಟ್ ಇಟ್ಟುಕೊಂಡಿರಬೇಕು.

ಹೊರಗಿನ ಕಮಾನುಗಳ ಮೇಲೆ ದ್ವಾರದ ಸಂಖ್ಯೆ ಕೆತ್ತಿದ್ದಾರೆ. ಒಟ್ಟು ಎಂಬತ್ತು ದ್ವಾರ, ಹೊರಗೋಡೆ ಉಳಿದ ಕಡೆ ಮಾತ್ರ ಅಂಕಿ ಉಳಿದಿದೆ. ಕೈಯಲ್ಲಿದ್ದ ಬಿಲ್ಲೆಯ ಅಂಕಿ ನೋಡಿ ಐವತ್ತು ಸಾವಿರ ಜನ ಗದ್ದಲವಿಲ್ಲದೆ ತಮ್ಮ ತಮ್ಮ ಮೆಟ್ಟಿಲಿಗೆ ಹೋಗುತ್ತಿದ್ದರಂತೆ. ಚಿನ್ನಿಗೆ ರೋಮನ್ ಅಂಕಿ ಶಾಲೆಯಲ್ಲಿ ಆಗಿದೆ. 54ನೇ ದ್ವಾರದ ಕೆಳಗೆ ನಿಂತು, “ಅಮ್ಮಾ, ತಪ್ಪು ಬರೆದಿದ್ದಾರೆ” ಅಂದಳು. ಐವತ್ತರ ಗುರುತಿನ ಪಕ್ಕ ನಾಲ್ಕು ಕಡ್ಡಿ ಎಳೆದಿದ್ದಾರೆ. ಐದಕ್ಕೆ ಒಂದು ಕಡಿಮೆ ಅಂತ ಬರೆಯಬೇಕು ಎಂದು ಇವಳ ಮಿಸ್ಸು ಹೇಳಿಕೊಟ್ಟಿದ್ದಾರೆ. ರೋಮನ್ನರೇ ಎರಡೂ ಥರ ಬರೆಯುತ್ತಿದ್ದರು ಎಂದೆ. “ಹಾಗಾದ್ರೆ ನಂಗ್ಯಾಕೆ ಅರ್ಧ ಮಾರ್ಕ್ ಕಟ್ ಮಾಡಿದ್ರು?” ಇದಕ್ಕೆ ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿದ್ದಾರೆ.

ಒಳಗೆ? ನಿಜ ಹೇಳಬೇಕೆಂದರೆ, ಸಣ್ಣ ಮಕ್ಕಳಿಗೆ ಕೊಲೊಸಿಯಂ ಅಷ್ಟಕ್ಕಷ್ಟೇ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟಿಸಿದ ಕಟ್ಟಡದ ಗಾತ್ರ ದೊಡ್ಡವರ ಬಾಯಿ ಮುಚ್ಚಿಸುತ್ತದೆ. ಮಕ್ಕಳಿಗೆ ಅದು ಜನರ ಕಾಲುಗಳ ಕಾಡು. ಪುಟ್ಟನಿಗೆ ಹಿಡಿಸಿದ್ದು ನೆಲಮಾಳಿಗೆಯ ವಿಷಯ ಒಂದೇ: ಕೆಳಗೆ ಗೂಡಿನಲ್ಲಿದ್ದ ಪ್ರಾಣಿಯನ್ನು ಹಗ್ಗ, ರಾಟೆಗಳಿಂದ ಮೇಲೆತ್ತುವ ಲಿಫ್ಟುಗಳಿದ್ದವು. “ಮೇಲೆ ಬಂದ ಮೇಲೆ ಹುಲಿ ಏನು ಮಾಡ್ತು?” ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. “ಹೊಡೆದಾಡ್ತು ಕಣೋ, ಅದನ್ನ ಜನ ನೋಡ್ತಿದ್ರು. ಈಗ ಹಾಗೆಲ್ಲ ಮಾಡೋದಿಲ್ಲ” ಎಂದಷ್ಟೇ ಹೇಳಿದರು. “ಪಾಪ ಹುಲಿ” ಎಂದ ಪುಟ್ಟ, ಮುಗಿಯಿತು.

ಅದೇ ಟಿಕೆಟಿನಲ್ಲಿ ಫೋರಂ, ಅಂದರೆ ಹಳೇ ರೋಮಿನ ನಡುಚೌಕ, ಕೂಡ ಇದೆ. ಬಿಸಿಲಲ್ಲಿ ಕಂಬದಿಂದ ಕಂಬಕ್ಕೆ ಅಲೆದು ಇದು ಸೆನೆಟ್, ಇದು ವೆಸ್ಟಾ ಗುಡಿ ಎಂದು ಮಕ್ಕಳಿಗೆ ವಿವರಿಸುವ ಸಾಹಸ ಬೇಡವೆನಿಸಿ, ಕ್ಯಾಪಿಟೋಲಿನ್ ಬೆಟ್ಟದ ಹಿಂದಿನ ತಡೆಗೋಡೆಯ ಬಳಿ ನಿಂತು ಮೇಲಿನಿಂದಲೇ ನೋಡಿದೆವು. ಇಡೀ ಫೋರಂ ಕಾಣುತ್ತದೆ, ಕಾಸೂ ಇಲ್ಲ. ಆಮೇಲೆ ಲಾರ್ಗೊ ಅರ್ಜೆಂತೀನಾ. ಜೂಲಿಯಸ್ ಸೀಸರನನ್ನು ಕೊಂದ ಸಭಾಂಗಣದ ಗೋಡೆಯ ತುಂಡು ಅಲ್ಲಿದೆ, ಸುತ್ತ ನಾಲ್ಕು ಗುಡಿಗಳ ಅವಶೇಷ, ಅವುಗಳ ಮೇಲೆಲ್ಲ ಬೆಕ್ಕುಗಳು. ನಮ್ಮ ಮಕ್ಕಳ ಪಾಲಿಗೆ ಅದು ಬೆಕ್ಕಿನ ಊರು. ಸೀಸರ್ ಯಾರು ಅಂತ ಇಬ್ಬರೂ ಕೇಳಲಿಲ್ಲ.

ಭಾನುವಾರ: ಓಸ್ತಿಯಾ ಆಂತಿಕಾ

ಸೋಮವಾರ ಇಲ್ಲಿಗೆ ರಜೆ, ಅದಕ್ಕೇ ಭಾನುವಾರವೇ ಹೊರಟೆವು. ಬಿ ಲೈನಿನಲ್ಲಿ ಪಿರಾಮಿದೆ ಸ್ಟೇಷನ್. ಹೆಸರಿಗೆ ತಕ್ಕಂತೆ ಅಲ್ಲೊಂದು ಪಿರಮಿಡ್ಡೇ ಇದೆ, ಎರಡು ಸಾವಿರ ವರ್ಷದ ಹಿಂದೆ ಸೆಸ್ಟಿಯಸ್ ಎಂಬ ಅಧಿಕಾರಿ ಕಟ್ಟಿಸಿಕೊಂಡ ಗೋರಿ. ಸ್ಟೇಷನ್ನಿಗೆ ಅಂಟಿಕೊಂಡಂತಿರುವ ಪೋರ್ತಾ ಸಾನ್ ಪಾವೊಲೊದಿಂದ ಸಮುದ್ರದ ಕಡೆ ಹೋಗುವ ಲೋಕಲ್ ರೈಲು. ಊರಿನ ಮಾಮೂಲಿ ಟಿಕೆಟ್ಟೇ ನಡೆಯುತ್ತದೆ. ಅರ್ಧ ಗಂಟೆ. ಇಳಿದು, ಹೆದ್ದಾರಿ ಮೇಲಿನ ಕಾಲುಸೇತುವೆ ದಾಟಿ, ನೇರ ನಡೆದರೆ ಬಾಗಿಲು.

ಮಕ್ಕಳ ಜೊತೆ ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ ಯಾವುದು ಎಂದು ಯಾರಾದರೂ ಕೇಳಿದರೆ ಓಸ್ತಿಯಾ ಎನ್ನುತ್ತೇನೆ, ಪಾಂಪೇ ಅಲ್ಲ. ಇದು ಟೈಬರ್ ನದಿ ಸಮುದ್ರ ಸೇರುವಲ್ಲಿದ್ದ ರೋಮಿನ ಬಂದರು. ಜ್ವಾಲಾಮುಖಿ ಬಂದು ಕೊಂದ ಊರಲ್ಲ. ವ್ಯಾಪಾರ ಕುಗ್ಗಿ, ಹೂಳು ತುಂಬಿ, ಜನ ಬಿಟ್ಟುಹೋದ ಊರು. ಸಮುದ್ರವೇ ಈಗ ಮೂರು ಕಿಲೋಮೀಟರಿನಷ್ಟು ಆಚೆ ಸರಿದಿದೆ. ಛತ್ರಿಯಂಥ ಪೈನ್ ಮರಗಳ ನೆರಳಿದೆ, ಗಲಾಟೆಯಿಲ್ಲ, ಮೆಟ್ಟಿಲು ಹತ್ತಿ ಇಳಿಯಬಹುದು. ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಮುಖ್ಯ ಬೀದಿಯ ಚಪ್ಪಡಿ ಕಲ್ಲಿನ ಮೇಲೆ ತಳ್ಳುಗಾಡಿ ಉರುಳುವುದಿಲ್ಲ. ಪುಟ್ಟನನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ತಂದಿದ್ದೆವು. ಅವನು ಆವತ್ತು ಅದರೊಳಗೆ ಕೂರಲೇ ಇಲ್ಲ. ನೆಪ್ಚೂನನ ಸ್ನಾನಗೃಹದ ಮೇಲಿನ ಕಟ್ಟೆಯಿಂದ ಕೆಳಗೆ ನೋಡಿದರೆ ನೆಲದ ತುಂಬ ಕಪ್ಪು-ಬಿಳಿ ಮೊಸಾಯಿಕ್: ಸಮುದ್ರದೇವರು ನಾಲ್ಕು ಕಡಲಕುದುರೆಗಳನ್ನು ಹೂಡಿಕೊಂಡು ಹೊರಟಿದ್ದಾನೆ. ಕುದುರೆಯ ಹಿಂಭಾಗ ಮೀನಿನ ಬಾಲ. ಅದರ ಮುಂದೆ ರಂಗಮಂದಿರ, ಮೆಟ್ಟಿಲ ತುದಿಗೆ ಹತ್ತಿದರೆ ಆಚೆ ಬದಿಗೆ ವ್ಯಾಪಾರಿಗಳ ಚೌಕ. ಸುತ್ತಲೂ ಅರವತ್ತರಷ್ಟು ಪುಟ್ಟ ಕೋಣೆಗಳು, ಒಂದೊಂದರ ಮುಂದೆಯೂ ನೆಲದಲ್ಲಿ ಚಿತ್ರದ ಬೋರ್ಡು. ಹಡಗು, ದೀಪಸ್ತಂಭ, ಧಾನ್ಯ ಅಳೆಯುವ ಕೊಳಗ, ಮೀನು. ಓದು ಬಾರದ ಹಡಗಿನವನಿಗೂ ಯಾವ ಊರಿನವರ ಕಚೇರಿ, ಏನು ಸರಕು ಎಂದು ಗೊತ್ತಾಗಬೇಕಲ್ಲ. ಓದು ಬಾರದ ಪುಟ್ಟನಿಗೂ ಹಾಗೇ ಗೊತ್ತಾಯಿತು.

“ಆನೆ!” ಎಂದು ಓಡಿದ. ಸಬ್ರಾತದವರ ಕಚೇರಿ, ಈಗಿನ ಲಿಬಿಯಾದ ಊರು. ಇಬ್ಬರೂ ಅಲ್ಲಿಂದ ಮುಂದೆ ಹಡಗು ಎಣಿಸುವ ಪಂದ್ಯ ಕಟ್ಟಿದರು, ಪ್ರತಿ ಕೋಣೆಯ ಮುಂದೆ ಜಗಳ. ನಾವಿಬ್ಬರೂ ಕಂಬದ ಬುಡದಲ್ಲಿ ಕೂತು ಕೋಡುಬಳೆ ತಿಂದೆವು. ಪ್ರವಾಸದಲ್ಲಿ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು.

ಡಯಾನಾ ಬೀದಿಯಲ್ಲಿ ಒಂದು ತಿಂಡಿ ಅಂಗಡಿ ಇದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅಗೆದು ತೆಗೆದದ್ದು, ಆದರೂ ನಿನ್ನೆ ಬಾಗಿಲು ಹಾಕಿದಂತಿದೆ: ಅಮೃತಶಿಲೆಯ ಕಟ್ಟೆ, ಅದರ ಕೆಳಗೆ ಪಾತ್ರೆ ತೊಳೆಯುವ ತೊಟ್ಟಿ, ಗೋಡೆಯ ಮೇಲೆ ಸಿಗುವ ತಿನಿಸುಗಳ ಚಿತ್ರ, ಹೊರಗೆ ಕೂರಲು ಜಗಲಿ. ಅಪ್ಪಟ ದರ್ಶಿನಿ. ಪುಟ್ಟ ಕಟ್ಟೆಯ ಹಿಂದೆ ನಿಂತು, “ಏನ್ ಬೇಕ್ ಸಾರ್?” ಎಂದ. ಇವರು ಒಂದು ಖಾಲಿ ದೋಸೆ ಹೇಳಿದರು. ಆಮೇಲೆ ಒಂದು ಜರ್ಮನ್ ಕುಟುಂಬದ ಹುಡುಗಿ ಬಂದು ಸಾಲಿನಲ್ಲಿ ನಿಂತಳು. ಅವಳು ಏನು ಕೇಳಿದಳೋ, ಇವನು ಏನು ಕೊಟ್ಟನೋ, ಇಬ್ಬರಿಗೂ ತೃಪ್ತಿ.

ಅದರ ಎದುರಿಗೇ ಹಳೇ ಅಪಾರ್ಟ್‌ಮೆಂಟು. ಇಟ್ಟಿಗೆಯ ಬಹುಮಹಡಿ, ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಮೇಲಿನ ಮಹಡಿಗೆ ನೀರು ಏರುತ್ತಿರಲಿಲ್ಲ, ಹೊತ್ತೇ ಒಯ್ಯಬೇಕಿತ್ತು. “ಲಿಫ್ಟ್ ಇರಲಿಲ್ವಾ? ಹುಲಿಗೆ ಮಾತ್ರನಾ?” ಚಿನ್ನಿಯ ಈ ಪ್ರಶ್ನೆಗೆ ನಾನು ಇನ್ನೂ ಬೆರಗಾಗುತ್ತಿದ್ದೇನೆ.

ಕೊನೆಗೆ ಸಾರ್ವಜನಿಕ ಶೌಚಾಲಯ. ಗೋಡೆಯುದ್ದಕ್ಕೂ ಅಮೃತಶಿಲೆಯ ಹಲಗೆ, ಸಾಲಾಗಿ ತೂತುಗಳು, ನಡುವೆ ಅಡ್ಡಗೋಡೆಯಿಲ್ಲ, ಕೆಳಗೆ ಹರಿವ ನೀರಿನ ಕಾಲುವೆ. ಎಲ್ಲರೂ ಜೊತೆಗೇ ಕೂತು ಊರ ಸುದ್ದಿ ಮಾತಾಡುತ್ತಿದ್ದರು, ಕೋಲಿಗೆ ಸಿಕ್ಕಿಸಿದ ಸ್ಪಂಜು ಬಳಸುತ್ತಿದ್ದರು ಎಂದ ಮೇಲೆ ಮಕ್ಕಳು ನಕ್ಕ ನಗು ರಂಗಮಂದಿರದವರೆಗೂ ಕೇಳಿರಬೇಕು. ಅದನ್ನು ನೋಡಿದ್ದರಿಂದ ಪುಟ್ಟನಿಗೂ ಅವಸರವಾಯಿತು. ನಿಜವಾದ ಶೌಚಾಲಯ ಮ್ಯೂಸಿಯಮ್ಮಿನ ಹತ್ತಿರ, ಕ್ಯಾಂಟೀನಿನ ಬಳಿ ಇದೆ. ಒಳಗೆ ಬಂದ ಕೂಡಲೇ ಅದರ ದಿಕ್ಕು ನೋಡಿಟ್ಟುಕೊಳ್ಳಿ, ಊರು ಬಹಳ ಉದ್ದ.

ಸೋಮವಾರ: ನೇಪಲ್ಸಿಗೆ

ಪ್ರಯಾಣದ ದಿನ. ವೇಗದ ರೈಲು ಒಂದೂಕಾಲು ಗಂಟೆಯೊಳಗೆ ನೇಪಲ್ಸ್ ಮುಟ್ಟಿಸಿತು. ಮಧ್ಯಾಹ್ನ ಮಡಚಿ ಕಾಗದದಲ್ಲಿ ಸುತ್ತಿಕೊಡುವ ಪಿಜ್ಜಾ, ಅದರ ಮೇಲೆ ಮನೆಯ ಚಟ್ನಿಪುಡಿ. ಇಲ್ಲೂ ಮೆಟ್ರೋ ಅಗೆದರೆ ಇತಿಹಾಸ ಏಳುತ್ತದೆ: ಮುನಿಚೀಪಿಯೊ ಸ್ಟೇಷನ್ ಕಟ್ಟುವಾಗ ಹಳೇ ಬಂದರಿನ ಕೆಸರಿನಲ್ಲಿ ರೋಮನ್ ಹಡಗುಗಳೇ ಸಿಕ್ಕಿದ್ದವು. ಸಂಜೆ ಕಡಲದಂಡೆಗೆ ಹೋಗಿ ವೆಸೂವಿಯಸ್ ಬೆಟ್ಟ ತೋರಿಸಿದೆವು. “ಅದು ಮಲಗಿದೆಯಾ?” “ಹೌದು, 1944ರಿಂದ.”

ಮಂಗಳವಾರ: ಹರ್ಕ್ಯುಲೇನಿಯಮ್

ವೆಸೂವಿಯಸ್ಸಿನ ಬುಡ ಬಳಸಿ ಸೊರೆಂಟೊಗೆ ಹೋಗುವ ಲೋಕಲ್ ರೈಲೇ ಹರ್ಕ್ಯುಲೇನಿಯಮ್ಮಿಗೂ ಪಾಂಪೇಗೂ ದಾರಿ. ಎಲ್ಲರೂ ಗರಿಬಾಲ್ದಿ ಸ್ಟೇಷನ್ನಿನಲ್ಲಿ ಹತ್ತುತ್ತಾರೆ. ರೈಲು ಹೊರಡುವುದು ಅದಕ್ಕಿಂತ ಒಂದು ಸ್ಟೇಷನ್ ಹಿಂದಿನ ಪೋರ್ತಾ ನೊಲಾನಾದಿಂದ. ಅಲ್ಲಿಗೆ ನಡೆದುಹೋದರೆ ಮಕ್ಕಳಿಗೆ ಕಿಟಕಿ ಸೀಟು ಖಾತ್ರಿ.

ಎರ್ಕೊಲಾನೊ ಸ್ಕಾವಿಯಲ್ಲಿ ಇಳಿದು ಇಳಿಜಾರು ರಸ್ತೆಯಲ್ಲಿ ಹತ್ತು ನಿಮಿಷ. ಇಂದಿನ ಊರು ಮೇಲೆ, ಅಂದಿನ ಊರು ಸುಮಾರು 20 ಮೀಟರ್ ಕೆಳಗೆ. ಅಂಚಿನಲ್ಲಿ ನಿಂತರೆ ಇತ್ತ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಅತ್ತ ಕೆಳಗೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಹೂತುಹೋದ ಬೀದಿ. ಪಾಂಪೇ ಮೇಲೆ ಸುರಿದದ್ದು ಹೆಚ್ಚಾಗಿ ಹಗುರ ಕಲ್ಲು ಮತ್ತು ಬೂದಿ, ಚಾವಣಿಗಳು ಕುಸಿದವು. ಇಲ್ಲಿಗೆ ನುಗ್ಗಿದ್ದು ಸುಡುವ ಅನಿಲ-ಬೂದಿಯ ಪ್ರವಾಹ. ಅದು ಮರವನ್ನು ಸುಟ್ಟು ಬೂದಿ ಮಾಡುವ ಬದಲು ಇದ್ದಿಲಾಗಿಸಿ, ಮೇಲಿನಿಂದ ಮುಚ್ಚಿ ಇಟ್ಟುಬಿಟ್ಟಿತು. ಹಾಗಾಗಿ ಎರಡನೇ ಮಹಡಿಗಳಿವೆ, ಕಪ್ಪಾದ ಬಾಗಿಲು ಚೌಕಟ್ಟುಗಳಿವೆ, ನಡುಮನೆಯಲ್ಲಿ ಮಡಚುವ ಮರದ ಪರದೆಯೊಂದು ಇನ್ನೂ ನಿಂತಿದೆ, ಅಂಗಡಿಯೊಂದರಲ್ಲಿ ಮಡಕೆ ಜೋಡಿಸುವ ಅಟ್ಟಣಿಗೆಯೂ ಇದೆ. ಅಗೆದ ಭಾಗ ಚಿಕ್ಕದು, ಎರಡು ಮೂರು ಗಂಟೆಯಲ್ಲಿ ನಾಲ್ಕು ವರ್ಷದ ಕಾಲುಗಳೂ ಮುಗಿಸುತ್ತವೆ.

ಹಳೇ ಕಡಲತೀರದ ಕಮಾನು ಕೋಣೆಗಳ ಎದುರು ಹೋಗುವುದೋ ಬೇಡವೋ ಎಂದು ನಾವಿಬ್ಬರೂ ಪಿಸುಮಾತಿನಲ್ಲಿ ಚರ್ಚಿಸಿದೆವು. 1980ರಿಂದೀಚೆಗೆ ಅಲ್ಲಿ ಮುನ್ನೂರರಷ್ಟು ಜನರ ಅಸ್ಥಿಪಂಜರ ಸಿಕ್ಕಿವೆ. ಇವರು ಪುಟ್ಟನನ್ನು ನೆಪ್ಚೂನ್-ಆಂಫಿಟ್ರೈಟಿಯ ನೀಲಿ ಮೊಸಾಯಿಕ್ ತೋರಿಸಲು ಕರೆದೊಯ್ದರು, ಚಿನ್ನಿ ನನ್ನ ಜೊತೆ ಬಂದಳು. ಬಹಳ ಹೊತ್ತು ನೋಡಿದಳು.

“ಇವರು ಯಾಕಮ್ಮಾ ಓಡಿಹೋಗಲಿಲ್ಲ?”

“ಓಡಿ ಬಂದಿದ್ದೇ ಇಲ್ಲಿಗೆ. ಆಗ ಸಮುದ್ರ ಇಲ್ಲೇ ಇತ್ತು. ದೋಣಿಗೆ ಕಾಯ್ತಿದ್ರು.”

“ಬರಲಿಲ್ವಾ?”

“ಬರೋದರೊಳಗೆ ಬೆಟ್ಟದಿಂದ ಬಿಸಿ ಬಂದುಬಿಡ್ತು.”

ಎಂಟು ವರ್ಷದ ಮಗುವಿಗೆ ಇಷ್ಟು ಹೇಳಬಹುದು ಎನ್ನುವುದು ನನ್ನ ಲೆಕ್ಕ. ಅವಳು ರಾತ್ರಿ ಅಪ್ಪನ ಬಳಿ ಮತ್ತೊಮ್ಮೆ ಅದೇ ಕೇಳಿದಳು, ಅದೇ ಉತ್ತರ ಸಿಕ್ಕಿತು, ನಿದ್ದೆ ಮಾಡಿದಳು.

ಬುಧವಾರ: ಪಾಂಪೇ

ಅದೇ ರೈಲು, ಇನ್ನಷ್ಟು ದೂರ. ಪೊಂಪೇಯಿ ಸ್ಕಾವಿ ಸ್ಟೇಷನ್ನಿನ ಎದುರಿಗೇ ಪೋರ್ತಾ ಮರೀನಾ ಬಾಗಿಲು. 2024ರ ನವೆಂಬರಿನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ, ಟಿಕೆಟಿನ ಮೇಲೆ ಹೆಸರಿರಬೇಕು. ಊರು 66 ಹೆಕ್ಟೇರ್, ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. ಮಕ್ಕಳ ಜೊತೆ ಪೂರ್ತಿ ನೋಡುತ್ತೇವೆ ಎಂದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮನೆಯವರೆಲ್ಲ ಮುಖ ತಿರುಗಿಸಿಕೊಂಡಿರುತ್ತಾರೆ. ನಾವು ಒಂದೇ ಬೀದಿ ಹಿಡಿದೆವು, ಅಬ್ಬೊಂದಾಂಝಾ ಬೀದಿ. ಫೋರಮ್ಮಿನಿಂದ ಊರಿನ ಇನ್ನೊಂದು ತುದಿಗೆ.

ಬೀದಿಯೇ ಆಟದ ಸಾಮಾನು. ರಸ್ತೆ ದಾಟಲು ನಡುವೆ ಎತ್ತರದ ಕಲ್ಲುಗಳನ್ನು ನೆಟ್ಟಿದ್ದಾರೆ, ಕೊಳಚೆ ನೀರು ಹರಿಯುವಾಗ ಕಾಲು ಒದ್ದೆಯಾಗದಿರಲಿ ಎಂದು. ಕಲ್ಲುಗಳ ನಡುವಿನ ಸಂದಿಯಲ್ಲಿ ಗಾಡಿಯ ಚಕ್ರ ಹೋಗಬೇಕು. ಚಕ್ರ ಸವೆಸಿದ ಗೀರು ಅಂಗೈ ಆಳ ಇದೆ. ಮೂಲೆ ಮೂಲೆಗೂ ಕಲ್ಲಿನ ನೀರುತೊಟ್ಟಿ. ನೀರು ಕುಡಿಯಲು ಬಗ್ಗಿದವರೆಲ್ಲ ಕೈಯೂರಿದ ಅಂಚು ಒಂದೇ ಕಡೆ ತಗ್ಗಾಗಿದೆ. ಚಿನ್ನಿ ಅಲ್ಲೇ ಕೈಯೂರಿದಳು, ಸರಿಯಾಗಿ ಕೂತಿತು. ಬೇಕರಿಯ ಬೀಸುವ ಕಲ್ಲುಗಳು, ಒಲೆ, ‘ನಾಯಿ ಇದೆ’ ಎಂದು ಹೊಸ್ತಿಲಲ್ಲೇ ಚಿತ್ರ ಬರೆಸಿಕೊಂಡ ಮನೆ. ಈ ನಾಯಿಗಾಗಿ ನಾವು ಬೀದಿ ಬಿಟ್ಟು ಒಂದು ಸುತ್ತು ಹೆಚ್ಚು ನಡೆದೆವು. ಜೀವ ಹೋದ ಜಾಗದ ಟೊಳ್ಳಿಗೆ ಪ್ಲಾಸ್ಟರ್ ಸುರಿದು ತೆಗೆದ ಮನುಷ್ಯರ ಅಚ್ಚುಗಳ ಕಡೆ ಮಕ್ಕಳನ್ನು ಕರೆದೊಯ್ಯಲಿಲ್ಲ. ನಿನ್ನೆಯದೇ ಸಾಕು.

ಬೀದಿಯ ಕೊನೆಗೆ ಆಂಫಿಥಿಯೇಟರ್. ಕೊಲೊಸಿಯಮ್ಮಿಗಿಂತ ನೂರೈವತ್ತು ವರ್ಷ ಹಳೆಯದು, ಒಳಗೆ ಹುಲ್ಲು, ಓಡಬಹುದು. ಕ್ರಿ.ಶ. 59ರಲ್ಲಿ ಪಂದ್ಯ ನೋಡಲು ಬಂದ ಪಕ್ಕದ ನುಚೇರಿಯಾದವರಿಗೂ ಪಾಂಪೇಯವರಿಗೂ ಬೈಗುಳದಲ್ಲಿ ಶುರುವಾದ ಜಗಳ ಕೊಲೆಯವರೆಗೆ ಹೋಗಿ, ಹತ್ತು ವರ್ಷ ಇಲ್ಲಿ ಆಟವೇ ಬಂದ್ ಆಗಿತ್ತು. ಈ ಕಥೆಯನ್ನು ಇವರು ಚಿನ್ನಾಸ್ವಾಮಿ ಕ್ರೀಡಾಂಗಣಕ್ಕೆ ಜೋಡಿಸಿ ಹೇಳಿದರು, ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು.

ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಡಿ. ಆಂಫಿಥಿಯೇಟರಿನ ಬಾಗಿಲಿನಿಂದ ಹೊರಬಂದರೆ ಇಂದಿನ ಪೊಂಪೇಯಿ ಊರು, ದೊಡ್ಡ ಚರ್ಚು, ಐಸ್‌ಕ್ರೀಮು. ಅಲ್ಲೇ ಸಾಂತುವಾರಿಯೊ ಎಂಬ ಬೇರೆ ಸ್ಟೇಷನ್ ಇದೆ, ಬೇರೆ ಮಾರ್ಗದ ಮೇಲೆ ಅದೂ ನೇಪಲ್ಸಿಗೇ ಹೋಗುತ್ತದೆ. ಪುಟ್ಟ ಎರಡನೇ ನಿಲ್ದಾಣಕ್ಕೇ ಮಲಗಿದ.

ಗುರುವಾರ: ಲಕ್ಷ್ಮಿ

ನೇಪಲ್ಸಿನ ಪುರಾತತ್ವ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಗುರುವಾರ ನಿರಾತಂಕ. ನನಗೆ ನೋಡಬೇಕಿದ್ದದ್ದು ಒಂದು ದಂತದ ಬೊಂಬೆ. 1938ರಲ್ಲಿ ನಾವು ನಿನ್ನೆ ನಡೆದ ಅಬ್ಬೊಂದಾಂಝಾ ಬೀದಿಯ ಮನೆಯೊಂದರಲ್ಲಿ ಸಿಕ್ಕಿದ್ದು, ಭಾರತದಲ್ಲಿ ಕೆತ್ತಿದ್ದು. ಪಾಂಪೇ ಲಕ್ಷ್ಮಿ ಎಂದೇ ಹೆಸರಾಯಿತು, ಯಕ್ಷಿ ಎನ್ನುವವರೇ ಈಗ ಹೆಚ್ಚು. ಇದನ್ನೇ ಹೋಲುವ ದಂತದ ಕೆತ್ತನೆ ಮಹಾರಾಷ್ಟ್ರದ ಭೋಕರ್ದನ್‌ನಲ್ಲೂ ಸಿಕ್ಕಿದೆ.

ತೊಡಕೆಂದರೆ, ಬಟ್ಟೆಯಿಲ್ಲದೆ ಬರೀ ಒಡವೆ ತೊಟ್ಟ ಹೆಣ್ಣಾದ್ದರಿಂದ ಇವಳನ್ನು ಪಾಂಪೇಯ ಶೃಂಗಾರ ಚಿತ್ರಗಳನ್ನೆಲ್ಲ ಕೂಡಿಟ್ಟ ‘ಗುಪ್ತ ಕೋಣೆ’ಯಲ್ಲಿ ಇರಿಸಿದ್ದಾರೆ. ಸುತ್ತಲಿನ ಗೋಡೆಗಳಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ಸರದಿಯ ಮೇಲೆ ಹೋದೆವು: ಇವರು ಮಕ್ಕಳಿಗೆ ಮೊಸಾಯಿಕ್ಕಿನ ಬೆಕ್ಕು, ಬಾತುಕೋಳಿ, ಸುಟ್ಟು ಕರಕಾದರೂ ಎಂಟು ಹೋಳಿನ ಗುರುತು ಉಳಿದಿರುವ ರೊಟ್ಟಿ ತೋರಿಸುತ್ತಿದ್ದಾಗ ನಾನು ಒಳಗೆ, ಆಮೇಲೆ ಅದಲು ಬದಲು. ಗೇಣುದ್ದದ ಬೊಂಬೆ. ತುಂಬಿದ ಬಳೆ, ಕಾಲ್ಗಡಗ, ಬೆನ್ನ ಮೇಲೆ ಉದ್ದ ಜಡೆ, ಅಕ್ಕಪಕ್ಕ ಸಣ್ಣ ಸಖಿಯರು. ಫೋಟೋ ತೆಗೆದು ಹೊರಗೆ ಚಿನ್ನಿಗೆ ತೋರಿಸಿದೆ.

“ಇಷ್ಟು ದೂರ ಹೇಗೆ ಬಂದ್ಲು?”

ಪಶ್ಚಿಮ ಕರಾವಳಿಯಲ್ಲಿ ಹಡಗು ಹತ್ತಿ, ಮುಂಗಾರು ಕಳೆದ ಮೇಲಿನ ಗಾಳಿಯಲ್ಲಿ ಕೆಂಪು ಸಮುದ್ರ, ಅಲ್ಲಿಂದ ಒಂಟೆ ಮೇಲೆ ನೈಲ್ ನದಿ, ದೋಣಿಯಲ್ಲಿ ಅಲೆಕ್ಸಾಂಡ್ರಿಯಾ, ಮತ್ತೆ ದೊಡ್ಡ ಹಡಗು. ಆ ಕಾಲದಲ್ಲಿ ಪೂರ್ವದ ಸರಕು ಬರುತ್ತಿದ್ದ ದಾರಿ ಇದೇ. ಬದಲಿಗೆ ರೋಮಿನ ದುಡ್ಡು ನಮ್ಮ ಕಡೆ ಬರುತ್ತಿತ್ತು. ಯಶವಂತಪುರದಲ್ಲಿ 1891ರಲ್ಲಿ ರೈಲು ದಾರಿಗೆ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳೇ ಸಿಕ್ಕಿದ್ದವು ಎಂದೆ. “ನಮ್ಮ ಯಶವಂತಪುರನಾ? ಮೆಟ್ರೋ ಸ್ಟೇಷನ್ ಇರೋದಾ?” ಹೌದು, ಅದೇ.

“ದೊಡ್ಡ ಹಡಗು ಎಲ್ಲಿ ನಿಲ್ತಿತ್ತು?”

ಅಲೆಕ್ಸಾಂಡ್ರಿಯಾದ ಹಡಗುಗಳು ಹೆಚ್ಚಾಗಿ ಬರುತ್ತಿದ್ದದ್ದು ಪುಟಿಯೋಲಿ ಬಂದರಿಗೆ, ಈಗಿನ ಪೊಜ್ಜುವೊಲಿಗೆ. ಮ್ಯೂಸಿಯಂ ಪಕ್ಕದ ಕವೂರ್ ಸ್ಟೇಷನ್ನಿಗೆ ಬಂದರೆ ಬೋರ್ಡಿನಲ್ಲಿ ಮುಂದಿನ ರೈಲಿನ ಕೊನೆಯ ನಿಲ್ದಾಣ: ಪೊಜ್ಜುವೊಲಿ. ಮಧ್ಯಾಹ್ನ ಮಲಗಿಸಬೇಕು ಎಂಬ ನಮ್ಮ ಯೋಜನೆ ಅಲ್ಲಿಗೆ ಮುಗಿಯಿತು.

ಸ್ಟೇಷನ್ನಿನಿಂದ ಬಂದರಿಗೆ ಇಳಿಜಾರು. ನೀರಿನ ಹತ್ತಿರ, ರಸ್ತೆಗಿಂತ ತಗ್ಗಿನಲ್ಲಿ ರೋಮನ್ನರ ಮಾರುಕಟ್ಟೆ, ಬೇಲಿಯ ಹೊರಗಿನಿಂದಲೇ ಪೂರ್ತಿ ಕಾಣುತ್ತದೆ. ಮೂರು ಎತ್ತರದ ಕಂಬಗಳು ನಿಂತಿವೆ, ಅವುಗಳ ನಡುಮೈಯಲ್ಲಿ ಒಂದು ಪಟ್ಟಿಯಷ್ಟು ಜಾಗ ತೂತು ತೂತು. ಕಲ್ಲು ಕೊರೆಯುವ ಕಡಲ ಚಿಪ್ಪಿನ ಹುಳುಗಳ ಕೆಲಸ. ಅಂದರೆ ಈ ಕಂಬಗಳು ಅಷ್ಟು ಎತ್ತರದವರೆಗೆ ಸಮುದ್ರದಲ್ಲಿ ಮುಳುಗಿದ್ದು, ಮತ್ತೆ ನೆಲದ ಸಮೇತ ಮೇಲೆ ಬಂದಿವೆ. ಇದು ಜ್ವಾಲಾಮುಖಿಯ ಬಾಯಿಯೊಳಗೇ ಇರುವ ಊರು, ನೆಲ ಏರುವುದೂ ಇಳಿಯುವುದೂ ನಿಂತಿಲ್ಲ. 1982ರಿಂದ 84ರ ನಡುವೆ ಹೆಚ್ಚುಕಡಿಮೆ ಒಂದು ಆಳಿನಷ್ಟು ಎದ್ದಿತ್ತು. ಪುಟ್ಟ ಬೇಲಿ ಹಿಡಿದು ನೆಲವನ್ನೇ ದಿಟ್ಟಿಸಿದ. “ಈಗ ಏಳ್ತಿದೆಯಾ?” “ಏಳ್ತಿದೆ, ನಿಧಾನವಾಗಿ.” ಎರಡು ಸಲ ಹಾರಿ ಪರೀಕ್ಷಿಸಿದ.

ವಾಪಸ್ಸು ಸ್ಟೇಷನ್ನಿಗೆ ಏರು. ಅರ್ಧಕ್ಕೇ ಅವನು ರಸ್ತೆಯಲ್ಲಿ ಕೂತುಬಿಟ್ಟ.

“ಲಕ್ಷ್ಮೀನೂ ಇಲ್ಲಿಂದ ನಡ್ಕೊಂಡೇ ಹೋದ್ಲಾ?”

“ಇಲ್ಲ ಕಣೋ, ಯಾರೋ ಎತ್ಕೊಂಡು ಹೋಗಿರ್ತಾರೆ” ಎಂದಳು ಅಕ್ಕ.

“ಮತ್ತೆ?” ಎಂದು ಅಪ್ಪನ ಕಡೆ ಎರಡೂ ಕೈ ಚಾಚಿದ.